ಸೊಸೈಟಿಯ ಚುನಾವಣೆಗೆ ನಾವೇಕೆ ನಿಲ್ಲಬಾರದು?

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ನಿಮಿತ್ತ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಸಮಿತಿಯವರು ನನಗೆ ಅಪ್ಪಣೆ ಕೊಟ್ಟಾಗ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾನು ಸಾಹಿತಿಯಲ್ಲ, ಪಂಡಿತನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಜಮೆ, ಖರ್ಚು, ಶಿಲ್ಕು ಇವೇ ನನಗೆ ತಿಳಿದಿರುವ ಛಂದಸ್ಸು. ಆದ್ದರಿಂದ ಹಳೆಯ ವೈಭವವನ್ನು ಬಣ್ಣಿಸುವ ಕೆಲಸವನ್ನು ಬಲ್ಲವರಿಗೆ ಬಿಟ್ಟು, ನಾವು ದಿನನಿತ್ಯ ಹತ್ತಿ ಇಳಿಯುವ ಮೆಟ್ಟಿಲುಗಳ ವಿಷಯವನ್ನೇ ತಮ್ಮ ಮುಂದಿಡುತ್ತೇನೆ. ಪುಣೆಯಲ್ಲಿ ನೆಲೆಸಿರುವ ನಾವು ನಮ್ಮ ನಮ್ಮ ಸೊಸೈಟಿಯ, ನಮ್ಮ ವಾರ್ಡಿನ ಆಡಳಿತಕ್ಕೆ ಏಕೆ ಕೈಹಚ್ಚುವುದಿಲ್ಲ, ಏಕೆ ಹಚ್ಚಬೇಕು ಎಂಬುದೇ ನನ್ನ ವಿಷಯ.

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ.

ನಾವಿರುವ ಕಟ್ಟಡದಲ್ಲಿ 56 ಮನೆಗಳಿವೆ. ಅವುಗಳಲ್ಲಿ ಒಂಬತ್ತು ಮನೆ ಕನ್ನಡಿಗರವು. ಕೆಲವು ವರ್ಷಗಳ ಹಿಂದೆ ಹಳೆಯ ಸಮಿತಿಯ ಅವಧಿ ಮುಗಿದು ಹೊಸ ಸಮಿತಿಯನ್ನು ಆರಿಸುವ ಪ್ರಸಂಗ ಬಂತು. ಬೇಕಾದದ್ದು ಹನ್ನೊಂದು ಮಂದಿ. ಹೆಸರು ಕೊಟ್ಟವರು ನಾಲ್ಕೇ ಮಂದಿ. ಆ ದಿನ ಸಭೆಯಲ್ಲಿ ಹಳೆಯ ಚೇರ್ಮನ್ನರು ಎದ್ದು ನಿಂತು, “ಇನ್ನು ಯಾರಾದರೂ ಇದ್ದೀರಾ?” ಎಂದು ಮೂರು ಸಲ ಕೇಳಿದರು. ನಾವು ಒಂಬತ್ತು ಮನೆಯವರು ಎಂದಿನಂತೆ ಹಿಂದಿನ ಸಾಲಿನಲ್ಲಿ ಕುಳಿತು, ತಲೆ ತಗ್ಗಿಸಿ, ಕೊಟ್ಟ ಚಹ ಕುಡಿದು ಮನೆಗೆ ಬಂದೆವು. ಬರುವಾಗ ನಾನು ಹೆಂಡತಿಗೆ ಹೇಳಿದ ಮಾತು ಈಗಲೂ ನೆನಪಿದೆ: “ನಾವು ಹೊರಗಿನವರು, ನಮಗ್ಯಾಕ ಬೇಕು ಈ ಉಸಾಬರಿ?”

ಸಮಿತಿ ಆಗಲಿಲ್ಲ. ಸಹಕಾರ ಸಂಘಗಳ ಕಾಯದೆಯಂತೆ, ಸಮಿತಿ ಇಲ್ಲದ ಸೊಸೈಟಿಗೆ ನಿಬಂಧಕರು ಆಡಳಿತಾಧಿಕಾರಿಯನ್ನು ನೇಮಿಸಬಹುದು. ನಮ್ಮಲ್ಲಿಗೂ ಒಬ್ಬರು ಬಂದರು. ಅವರನ್ನು ನಾನು ದೂಷಿಸಲಾರೆ. ಅವರ ಪಾಲಿಗೆ ನಮ್ಮದು ಹಲವು ಕಡತಗಳಲ್ಲಿ ಒಂದು ಕಡತ. ಅವರು ನಮ್ಮ ಮೆಟ್ಟಿಲು ಹತ್ತುವವರಲ್ಲ, ನಮ್ಮ ನಳದ ನೀರು ಕುಡಿಯುವವರಲ್ಲ. ಲಿಫ್ಟಿನ ವಾರ್ಷಿಕ ಕರಾರು ಮುಗಿದದ್ದು ಯಾರ ಗಮನಕ್ಕೂ ಬರಲಿಲ್ಲ. ಏಪ್ರಿಲ್ ಕೊನೆಗೆ ಲಿಫ್ಟು ನಿಂತಿತು.

ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿದೆ. ವಿಜಾಪುರದ ಬಳಿಯ ಹಳ್ಳಿಯಲ್ಲಿ ಹೊಲ, ಮನೆ ಬಿಟ್ಟು ನನ್ನ ಜೊತೆ ಇರಲು ಬಂದ ನಮ್ಮ ಅಪ್ಪನಿಗೆ ಎರಡೂ ಮೊಣಕಾಲು ನೋವು. ದಿನಾ ಸಂಜೆ ಕೆಳಗಿನ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನ ಮುದುಕರೊಡನೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುವುದೇ ಅವರಿಗೆ ಈ ಊರಿನಲ್ಲಿದ್ದ ಸುಖ. ಇಪ್ಪತ್ತಮೂರು ದಿನ ಅವರು ಕೆಳಗೆ ಇಳಿಯಲಿಲ್ಲ. ನಡುವೆ ಒಂದು ದಿನ ಕಣ್ಣಿನ ಡಾಕ್ಟರರ ಹತ್ತಿರ ಹೋಗಲೇಬೇಕಾಗಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ನಾನು, ವಾಚಮನ್, ಪಕ್ಕದ ಮನೆಯ ಮರಾಠಿ ಗೃಹಸ್ಥರು, ಅವರ ಮಗ ನಾಲ್ವರೂ ಹೊತ್ತು ಇಳಿಸಿದೆವು. ಎರಡನೆಯ ಮಹಡಿಯಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ ಅಪ್ಪ ನನ್ನ ಮುಖ ನೋಡಿ ಅಂದರು: “ಆ ಸಮಿತಿ ಕುರ್ಚ್ಯಾಗ ನೀ ಕುಂತಿದ್ದರ, ಈ ಕುರ್ಚ್ಯಾಗ ನಾ ಕೂಡೂದು ಬರ್ತಿರ್ಲಿಲ್ಲ ನೋಡು.”

ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕದ ಮಾತನ್ನು ಹೇಳುವಂತೆ ಹೇಳಿದರು. ಅದಕ್ಕೇ ನನಗೆ ಅದು ಹೆಚ್ಚು ತಾಗಿತು.

ಮುಂದೆ ಮತ್ತೆ ಚುನಾವಣೆ ಬಂದಾಗ ನಾನು ನಾಮಪತ್ರ ಕೊಟ್ಟೆ. ಮೆಟ್ಟಿಲ ಮೇಲಿನ ಆ ಪ್ರಸಂಗ ಎಲ್ಲರಿಗೂ ನಾಟಿತ್ತೆಂದು ಕಾಣುತ್ತದೆ, ಈ ಸಲ ಸಾಮಾನ್ಯ ವರ್ಗದ ಆರು ಸ್ಥಾನಗಳಿಗೆ ಎಂಟು ಮಂದಿ ನಿಂತಿದ್ದೆವು. ಮನೆಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ. ನನ್ನ ಹೆಂಡತಿಯೇ ಮುಂದಾದಳು. ಯಾರ ಮನೆಯಲ್ಲಿ ನೀರು ಯಾವ ಹೊತ್ತಿಗೆ ನಿಲ್ಲುತ್ತದೆ, ಯಾರ ಗೋಡೆಗೆ ಮಳೆಗಾಲದಲ್ಲಿ ಒರತೆ ಬರುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ನಾನು ಐದು ವರ್ಷ ಅದೇ ಕಟ್ಟಡದಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಎರಡೇ ಮತಗಳ ಅಂತರದಿಂದ ಆರನೆಯವನಾಗಿ ಆರಿಸಿ ಬಂದೆ. ಬ್ಯಾಂಕಿನವನೆಂದು ಖಜಾಂಚಿಯ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ತಿಂಗಳಲ್ಲೇ ಟ್ಯಾಂಕರ್ ನೀರಿನ ಬಿಲ್ಲುಗಳನ್ನು ತೆಗೆದು ನೋಡಿದೆ. ಒಂದು ತಿಂಗಳ ಬಿಲ್ಲಿನಲ್ಲಿ 34 ಟ್ಯಾಂಕರುಗಳಿದ್ದವು. ಗೇಟಿನಲ್ಲಿ ವಾಚಮನ್ ಬರೆದ ಪುಸ್ತಕದಲ್ಲಿ 29 ಇದ್ದವು. ಇದು ಕಳ್ಳತನವೆಂದು ನಾನು ಹೇಳಲಾರೆ. ಎಣಿಸುವವರು ಇಲ್ಲದ ಕಡೆ ಲೆಕ್ಕ ತಾನಾಗಿಯೇ ಬೆಳೆಯುತ್ತದೆ, ಅಷ್ಟೆ. ಅಂದಿನಿಂದ ಎರಡು ಪುಸ್ತಕಗಳನ್ನೂ ತಾಳೆ ನೋಡಿ ಹಣ ಕೊಡುವ ಪದ್ಧತಿ ಮಾಡಿದೆವು. ಮುಂದಿನ ತಿಂಗಳಿಂದ ಎರಡೂ ಒಂದೇ ಆದವು. ಇದಕ್ಕೆ ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ಒಬ್ಬ ಮನುಷ್ಯ ಕುಳಿತು ನೋಡಬೇಕಾಗಿತ್ತು.

ಎಲ್ಲವೂ ಸುಖವಾಗಿ ನಡೆಯಿತೆಂದು ತಾವು ತಿಳಿಯಬಾರದು. ನನ್ನ ಮರಾಠಿ ನೋಟೀಸುಗಳಲ್ಲಿ ಲಿಂಗದ ತಪ್ಪುಗಳು ಬಹಳ. ಬಿಲ್ಲು ಗಂಡೋ ಹೆಣ್ಣೋ, ಟಾಕಿ ಹೆಣ್ಣೋ ಗಂಡೋ ಎಂಬುದು ನನಗೆ ಇಂದಿಗೂ ಪೂರ್ಣ ಬಗೆಹರಿದಿಲ್ಲ. ಕೆಳಗಿನ ಮನೆಯ ನಿವೃತ್ತ ಮಾಸ್ತರರೊಬ್ಬರು ಕೆಂಪು ಪೆನ್ನಿನಿಂದ ತಿದ್ದಿಕೊಡುತ್ತಾರೆ. ಅವರೂ ನಾನೂ ಸ್ನೇಹಿತರಾದದ್ದು ಹೀಗೆ. ಮರುವರ್ಷ ತಿಂಗಳ ಮೆಂಟೆನನ್ಸ್ 250 ರೂಪಾಯಿ ಏರಿಸಿದಾಗ, ಮೊದಲೇ ಎಲ್ಲರಿಗೂ ತಿಳಿಸಿ ಹೇಳದೆ ನಾನು ತಪ್ಪು ಮಾಡಿದೆ. ಸಭೆಯಲ್ಲಿ ಒಬ್ಬರು ಎದ್ದು, “ಕರ್ನಾಟಕದಿಂದ ಬಂದು ನಮಗೆ ಲೆಕ್ಕ ಹೇಳುತ್ತೀಯಾ?” ಎಂದರು. ನನಗೆ ಬಾಯಿ ಕಟ್ಟಿದಂತಾಯಿತು. ಆಗ ಆ ಮಾಸ್ತರರೇ ಎದ್ದು, “ಲೆಕ್ಕ ಸರಿಯೋ ತಪ್ಪೋ ಅದನ್ನು ಹೇಳಿ. ಲೆಕ್ಕಕ್ಕೆ ಊರು ಯಾವುದು?” ಎಂದು ಕೇಳಿದರು. ಆ ಮೇಲೆ ಲೆಕ್ಕದ ಚರ್ಚೆ ನಡೆಯಿತು. ಏರಿಕೆ 200ಕ್ಕೆ ಇಳಿಯಿತು. ಎಲ್ಲರೂ ಒಪ್ಪಿದರು.

ಸ್ನೇಹಿತರೇ, “ನಾವು ಹೊರಗಿನವರು” ಎಂಬ ಮಾತು ವಿನಯದಂತೆ ಕಾಣುತ್ತದೆ. ನನ್ನ ಅನುಭವದಲ್ಲಿ ಅದು ಬಹುಮಟ್ಟಿಗೆ ಆಲಸ್ಯದ ಇನ್ನೊಂದು ಹೆಸರು. 1956ರ ನವೆಂಬರ್ 1ಕ್ಕೆ ಮೊದಲು ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ನಮ್ಮ ಅಜ್ಜಂದಿರಿಗೆ ಇದು ಪರರಾಜ್ಯವೇ ಆಗಿರಲಿಲ್ಲ. ಹೋಗಲಿ, ಪರಸ್ಥಳವೆಂದೇ ಇಟ್ಟುಕೊಳ್ಳೋಣ. ಪರಸ್ಥಳಕ್ಕೆ ಹೋದವರು ಅಲ್ಲಿ ಏನು ಮಾಡಬಹುದೆಂಬುದಕ್ಕೆ ನಮ್ಮಲ್ಲೇ ನಿದರ್ಶನಗಳಿವೆ.

ಕನ್ನಡ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದ ಚಿತ್ರಾಪುರ ಸಾರಸ್ವತ ಕುಟುಂಬಗಳನ್ನು ನೋಡಿ. ಮನೆಯಲ್ಲಿ ಅವರ ಮಾತು ಕೊಂಕಣಿ. ಅಂದಿನ ಆ ಮಹಾನಗರಿಯಲ್ಲಿ ಸಣ್ಣ ಸಂಬಳದ ಗುಮಾಸ್ತರಿಗೆ ಒಳ್ಳೆಯ ಮನೆ ಸಿಗುವುದು ಕಷ್ಟವಾಗಿತ್ತು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠಲರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಸ್ಥೆಯನ್ನು ಕಟ್ಟಿದರು. ಅದೇ ಬೆಳೆದು ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಆಯಿತು. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ಇಂದು ನಾವು ಸೊಸೈಟಿ ಎಂದು ಬಾಯಿತುಂಬ ಕರೆಯುವ ಏರ್ಪಾಡಿಗೆ ಈ ಭಾಗದಲ್ಲಿ ದಾರಿ ತೋರಿದವರು ನಮ್ಮ ನಾಡಿನಿಂದ ಬಂದು ನೆಲೆಸಿದವರೇ! ಅವರು ಹಿಂದಿನ ಸಾಲಿನಲ್ಲಿ ಕುಳಿತು ಚಹ ಕುಡಿದು ಎದ್ದುಹೋಗಿದ್ದರೆ ಈ ಕೆಲಸವಾಗುತ್ತಿತ್ತೆ?

ಅದಕ್ಕೂ ಹಿಂದೆ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ನಮ್ಮ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಕಾಯದೆಯಾದದ್ದು 1904ರಲ್ಲಿ. ಮರುವರ್ಷವೇ ಒಂದು ಸಣ್ಣ ಹಳ್ಳಿಯ ಜನ ಅದನ್ನು ಕೈಗೆತ್ತಿಕೊಂಡರು. ಕಾಯದೆ ಪುಸ್ತಕದಲ್ಲಿರುತ್ತದೆ. ಅದನ್ನು ಊರಿಗೆ ತರಲು ಒಬ್ಬ ಪಾಟೀಲರು ಬೇಕಾಗುತ್ತಾರೆ.

ಅದೇ ಗದಗ ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಪುಣೆಗೆ ಬಂದು ನೆಲೆಸಿದರು. ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಇಲ್ಲಿ ಸಂಗೀತೋತ್ಸವ ಪ್ರಾರಂಭವಾಯಿತು. ಅದನ್ನು ಬೆಳೆಸಿದವರು ಅವರು. ಇಂದು ಪುಣೆಯವರು ಅದನ್ನು ತಮ್ಮದೇ ಹಬ್ಬವೆಂದು ಭಾವಿಸುತ್ತಾರೆ. ಒಂದು ಊರಿಗಾಗಿ ದುಡಿದವನನ್ನು ಆ ಊರು ಹೊರಗಿನವನೆಂದು ಬಹಳ ದಿನ ಕರೆಯುವುದಿಲ್ಲ.

ಇನ್ನು ಕೆಲಸದ ಮಾತಿಗೆ ಬರೋಣ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯದೆ 1960ರದು. 2011ರ ಸಂವಿಧಾನ ತಿದ್ದುಪಡಿಯ ತರುವಾಯ, 2019ರಲ್ಲಿ ಗೃಹ ಸೊಸೈಟಿಗಳಿಗಾಗಿಯೇ ಆ ಕಾಯದೆಯಲ್ಲಿ ಪ್ರತ್ಯೇಕ ಅಧ್ಯಾಯ ಸೇರಿತು. ಸಮಿತಿಯ ಅವಧಿ ಐದು ವರ್ಷ. ನೂರು ಸದಸ್ಯರ ತನಕದ ಸೊಸೈಟಿಗೆ ಹನ್ನೊಂದು ಮಂದಿಯ ಸಮಿತಿ. ಅದರಲ್ಲಿ ಎರಡು ಸ್ಥಾನ ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಒಂದು, ಹಿಂದುಳಿದ ವರ್ಗಕ್ಕೆ ಒಂದು, ವಿಮುಕ್ತ ಮತ್ತು ಅಲೆಮಾರಿ ಜಾತಿಗಳು ಹಾಗೂ ವಿಶೇಷ ಹಿಂದುಳಿದ ವರ್ಗ ಇವೆಲ್ಲಕ್ಕೆ ಕೂಡಿ ಒಂದು. ನಿಲ್ಲುವವರು ಸದಸ್ಯರಾಗಿರಬೇಕು, ಸೊಸೈಟಿಗೆ ಬಾಕಿ ಇಟ್ಟುಕೊಂಡವರಾಗಿರಬಾರದು. ವರ್ಷದ ಸರ್ವಸಾಧಾರಣ ಸಭೆ ಸೆಪ್ಟೆಂಬರ್ 30ರ ಒಳಗೆ ಆಗಬೇಕು. ಆ ಸಭೆಯ ಮುಂದೆ ಆಡಿಟ್ ಆದ ಜಮಾಖರ್ಚು ಬರಬೇಕು. ನಮ್ಮಲ್ಲಿ ಅನೇಕರು ಆ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಳ್ಳುತ್ತೇವೆ. ಮಡಿಚುವ ಮೊದಲು ಮೂರು ಸಾಲುಗಳನ್ನಾದರೂ ಓದಿರಿ: ಸಿಂಕಿಂಗ್ ಫಂಡಿನಲ್ಲಿ ಎಷ್ಟಿದೆ, ಬರಬೇಕಾದ ಬಾಕಿ ಎಷ್ಟಿದೆ, ನೀರಿಗೆ ಎಷ್ಟು ಹೋಯಿತು. ಕಟ್ಟಡಕ್ಕೆ ಮುಪ್ಪು ಬಂದಾಗ ಆಸರೆಯಾಗುವುದು ಮೊದಲನೆಯ ಸಾಲು. ನೆರೆಹೊರೆಯ ಮನಸ್ತಾಪಗಳ ಮೂಲ ಬಹಳ ಸಲ ಎರಡನೆಯ ಸಾಲಿನಲ್ಲಿರುತ್ತದೆ. ಮೂರನೆಯದರ ಕಥೆಯನ್ನು ಆಗಲೇ ಹೇಳಿದ್ದೇನೆ.

ಸಮಿತಿಗೆ ಬೇಕಾಗುವ ಸಮಯ ನಾವು ಅಂಜುವಷ್ಟಿಲ್ಲ. ಖಜಾಂಚಿಯಾದ ನನಗೆ ವಾರಕ್ಕೆ ಎರಡು ರಾತ್ರಿ ಒಂದೊಂದು ತಾಸು, ತಿಂಗಳಿಗೊಂದು ಭಾನುವಾರದ ಬೆಳಗು ಸಾಕಾಗುತ್ತದೆ.

ಸೊಸೈಟಿಯ ಗೇಟು ದಾಟಿದರೆ ಊರು. ಊರಿನ ಆಡಳಿತ ಸಣ್ಣವರ ಕೆಲಸವೆಂದು ಯಾರಾದರೂ ಮೂಗು ಮುರಿದರೆ, ಅವರಿಗೆ ಪುಣೆಯ ಚರಿತ್ರೆಯನ್ನೇ ಹೇಳಬಹುದು. ಮಹಾತ್ಮಾ ಜ್ಯೋತಿಬಾ ಫುಲೆಯವರು 1876ರಿಂದ ಕೆಲವು ವರ್ಷ ಪುಣೆಯ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. ಗೋಪಾಲಕೃಷ್ಣ ಗೋಖಲೆಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಅಧ್ಯಕ್ಷರಾಗಿದ್ದರು. ಅಂಥವರಿಗೆ ಗಟಾರ, ದೀಪ, ನೀರು ಇವುಗಳ ಚರ್ಚೆ ಕೀಳೆನಿಸಲಿಲ್ಲ.

ಆ ಮುನಿಸಿಪಾಲಿಟಿಯೇ 1950ರ ಫೆಬ್ರವರಿ 15ರಂದು ಮಹಾನಗರಪಾಲಿಕೆಯಾಯಿತು. ಅಲ್ಲಿಯೂ ನಮ್ಮ ಸೊಸೈಟಿಯಲ್ಲಾದದ್ದೇ ದೊಡ್ಡ ಪ್ರಮಾಣದಲ್ಲಿ ಆಯಿತು. 2017ರ ಫೆಬ್ರವರಿಯಲ್ಲಿ ಆರಿಸಿ ಬಂದವರ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮೀಸಲಾತಿ ಮತ್ತು ಪ್ರಭಾಗಗಳ ರಚನೆಯ ವ್ಯಾಜ್ಯಗಳಿಂದಾಗಿ ಚುನಾವಣೆ ಮುಂದಕ್ಕೆ ಹೋಗುತ್ತ ಹೋಯಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಚುನಾವಣೆ ನಡೆಸಿರೆಂದು ಆಜ್ಞೆ ಮಾಡಿತು. ಕೊನೆಗೆ 2026ರ ಜನವರಿ 15ರಂದು 165 ಸ್ಥಾನಗಳ ಪಾಲಿಕೆಗೆ ಮತದಾನವಾಯಿತು. ನಡುವಿನ ಸುಮಾರು ನಾಲ್ಕು ವರ್ಷ ಈ ಮಹಾನಗರಕ್ಕೆ ಆಡಳಿತಾಧಿಕಾರಿ ಇದ್ದರು, ನಗರಸೇವಕರು ಇರಲಿಲ್ಲ. ರಸ್ತೆಯ ಗುಂಡಿಯ ವಿಷಯವಾಗಿ ಯಾರ ಮನೆಯ ಬಾಗಿಲು ಬಡಿಯಬೇಕೆಂದು ನಾವೆಲ್ಲ ಆಗ ಒಬ್ಬರನ್ನೊಬ್ಬರು ಕೇಳಿದ್ದೇವೆ. ಆರಿಸಿ ಬಂದವರು ಇಲ್ಲದ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತೇ ಇರುತ್ತಾರೆ. ಅವರನ್ನು ಹೆಸರು ಹಿಡಿದು ಕೇಳುವ ಅಧಿಕಾರ ಮಾತ್ರ ನಮಗಿರುವುದಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಮಾತು. 1992ರ ಸಂವಿಧಾನ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲನ್ನು ಕೊಟ್ಟವು. ಅದಕ್ಕೆ ಮೊದಲೇ ನಮ್ಮ ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರು ಪಂಚಾಯತ್ ಮಂತ್ರಿಗಳಾಗಿದ್ದಾಗ ಆದ ಕಾಯದೆಯಂತೆ 1987ರಲ್ಲಿ ಚುನಾವಣೆ ನಡೆದು, ನೂರಕ್ಕೆ 25 ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿದ್ದವು. ಮಹಾರಾಷ್ಟ್ರ 2011ರಲ್ಲಿ ಅರ್ಧ ಪಾಲನ್ನು ಕೊಟ್ಟಿತು. ಇಪ್ಪತ್ತೊಂದು ವರ್ಷ ತುಂಬಿ, ಈ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಹೆಣ್ಣುಮಗಳಿಗೆ ಪಾಲಿಕೆಯ ಬಾಗಿಲು ತೆರೆದಿದೆ. ಉಳಿದ ಅರ್ಹತೆಯ ನಿಯಮಗಳನ್ನು ಚುನಾವಣಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ನನ್ನಂತೆ ನೌಕರಿಯಲ್ಲಿರುವವರು ತಮ್ಮ ತಮ್ಮ ಕಚೇರಿಯ ನಿಯಮಗಳನ್ನೂ ನೋಡಿಕೊಳ್ಳಬೇಕು.

ಎಲ್ಲರಿಗೂ ಸ್ವಂತ ಮನೆಯಿಲ್ಲವೆಂಬುದನ್ನು ನಾನು ಮರೆತಿಲ್ಲ. ಕಲಬುರಗಿ, ಯಾದಗಿರಿ, ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಹುಡುಗರು, ಬಾಡಿಗೆ ಮನೆಯಲ್ಲಿರುವ ಸಂಸಾರಗಳು ಇವರಿಗೆ ಸೊಸೈಟಿಯಲ್ಲಿ ಮತವಿಲ್ಲ. ಆದರೆ ನಗರದಲ್ಲಿ ಇದೆ. ಇಲ್ಲಿಯೇ ಕಾಯಂ ವಾಸಿಸುತ್ತಿದ್ದರೂ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಉಳಿದಿದ್ದರೆ, 8ನೆಯ ನಮೂನೆಯ ಅರ್ಜಿ ಕೊಟ್ಟು ಇಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಸಂಘದ ತರುಣರು ತಿಂಗಳಿಗೆ ಒಂದು ದಿನ ಈ ಅರ್ಜಿ ತುಂಬಿಕೊಡಲು ಕುಳಿತರೆ ಅದೊಂದು ದೊಡ್ಡ ಸೇವೆಯಾದೀತು. ಚುನಾವಣೆಗೆ ನಿಲ್ಲಲಾರೆವೆನ್ನುವವರಿಗೂ ದಾರಿಯಿದೆ. ತಮ್ಮ ಪ್ರಭಾಗದಲ್ಲಿ ಆಗಬೇಕಾದ ಕೆಲಸಗಳನ್ನು ಪಾಲಿಕೆಯ ಆಯವ್ಯಯಕ್ಕೆ ಸೂಚಿಸಲು ನಾಗರಿಕರಿಗೆ ಅವಕಾಶ ಕೊಡುವ ಪದ್ಧತಿ ಪುಣೆಯಲ್ಲಿ 2006ರಲ್ಲಿ ಆರಂಭವಾಯಿತು. ಅಂಥ ಒಂದು ಅರ್ಜಿ ಬರೆಯುವುದೂ ಊರಿನ ಕೆಲಸವೇ.

ಕೊನೆಯದಾಗಿ ಒಂದು ಎಚ್ಚರಿಕೆ. ಕನ್ನಡಿಗರ ಮತ ಕನ್ನಡಿಗನಿಗೇ ಎಂದು ಗುಂಪು ಕಟ್ಟಿರೆಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಲಿಫ್ಟಿಗೂ ಭಾಷೆ ಹಚ್ಚಿದಂತಾದೀತು. ನಮ್ಮ ಒಂಬತ್ತು ಮನೆಗಳ ಮತದಿಂದ ನಾನು ಗೆಲ್ಲುವುದು ಸಾಧ್ಯವಿರಲಿಲ್ಲ. ಉಳಿದ ಮತಗಳೆಲ್ಲ ನೆರೆಯವರವು. ನಿಲ್ಲುವಾಗ ಆ ಕಟ್ಟಡದ ನಿವಾಸಿಯಾಗಿ ನಿಲ್ಲಬೇಕು. ಮರಾಠಿಯನ್ನು ಕಲಿತು, ತಪ್ಪಾದರೂ ಆಡಬೇಕು. ಇದರಿಂದ ಕನ್ನಡಕ್ಕೆ ಕುಂದು ಬರುವುದಿಲ್ಲ. ಹಗಲು ಮರಾಠಿಯಲ್ಲಿ ನೀರಿನ ಲೆಕ್ಕ ಹೇಳಿ, ರಾತ್ರಿ ಮಗಳಿಗೆ ಕನ್ನಡ ಅಕ್ಷರ ತಿದ್ದಿಸುತ್ತೇನೆ. ಎರಡೂ ಒಂದೇ ಕೈಯಿಂದ ಆಗುತ್ತಿವೆ.

ಈ ಸಭೆಯಿಂದ ಮನೆಗೆ ಹೋದ ಮೇಲೆ ತಮ್ಮ ಸೊಸೈಟಿಯ ಸಮಿತಿಯ ಅವಧಿ ಎಂದು ಮುಗಿಯುತ್ತದೆಂದು ಕೇಳಿ ತಿಳಿದುಕೊಳ್ಳಿರಿ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಆ ದಿನ ಚೇರ್ಮನ್ನರು “ಇನ್ನು ಯಾರಾದರೂ ಇದ್ದೀರಾ?” ಎಂದು ಕೇಳಿದಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳಲಿ. ಗಂಡನಾಗಲಿ, ಹೆಂಡತಿಯಾಗಲಿ, ಯಾರದಾದರೂ ಸರಿ.

ನಮ್ಮ ಅಪ್ಪ ಈಗ ದಿನಾ ಸಂಜೆ ಲಿಫ್ಟಿನಲ್ಲಿ ಇಳಿದು ಕಟ್ಟೆಯ ಮೇಲೆ ಕೂಡುತ್ತಾರೆ. ಲಿಫ್ಟಿನ ಕರಾರು ಎಂದಿಗೆ ಮುಗಿಯುತ್ತದೆಂದು ತಿಂಗಳಿಗೊಮ್ಮೆ ನನ್ನನ್ನು ಕೇಳುತ್ತಾರೆ. ನಾನು ಉತ್ತರ ಕೊಡಲೇಬೇಕು, ಏಕೆಂದರೆ ಅವರೂ ನನ್ನ ಸೊಸೈಟಿಯ ನಿವಾಸಿಗಳು.